ಸಿ ಸರ್ವರಿನಲ್ಲಿ ಅಕ್ಸೆಪ್ಟ್-ಲ್ಯಾಂಗ್ವೇಜ್ ಹೆಡರನ್ನು ಓದುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಗ್ನೂ ಲಿಬ್‌ಮೈಕ್ರೋಎಚ್‌ಟಿಟಿಪಿಡಿ ಎಂಬ ವೆಬ್ ಸರ್ವರ್ ಲೈಬ್ರರಿ ಬಳಸಿ ಸಿ ಭಾಷೆಯಲ್ಲಿ ಬರೆದ ಸರ್ವರ್ ಮಾರುಕಟ್ಟೆ ದರಗಳನ್ನು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಕೊಡಬಲ್ಲದು, ಆದರೆ ಫೋನಿನ ಭಾಷೆ ಕನ್ನಡವಾಗಿದ್ದರೂ ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಹೋಗುತ್ತಿದೆ. ಬಳಕೆದಾರರಿಗೆ ಬೇಕಾದ ಭಾಷೆಯನ್ನು ತಿಳಿಸಲು ಬ್ರೌಸರ್ ಕಳಿಸುವ ಅಕ್ಸೆಪ್ಟ್-ಲ್ಯಾಂಗ್ವೇಜ್ ಹೆಡರಿನಲ್ಲಿ ಬಂದದ್ದನ್ನು ನೀವು ‘ಕೆಎನ್’ ಎಂಬ ಕನ್ನಡದ ಸಂಕೇತದೊಂದಿಗೆ, ಎರಡು ಪಠ್ಯಗಳು ಪೂರ್ತಿ ಒಂದೇ ಆಗಿವೆಯೇ ಎಂದು ನೋಡುವ ಎಸ್‌ಟಿಆರ್‌ಸಿಎಂಪಿಯಿಂದ ನೇರವಾಗಿ ಹೋಲಿಸಿದ್ದೀರಿ. ಹೋಲಿಕೆ ಸೋಲುತ್ತಿರುವುದು ಅಲ್ಲಿಯೇ.

ಬ್ರೌಸರ್ ಕಳಿಸುವುದು ಒಂದು ಭಾಷೆಯ ಹೆಸರನ್ನಲ್ಲ, ಬಳಕೆದಾರರ ಇಷ್ಟಾನುಕ್ರಮದ ಪಟ್ಟಿಯನ್ನು. ಕನ್ನಡದ ಫೋನಿನಿಂದ ಸಾಮಾನ್ಯವಾಗಿ ‘ಕೆಎನ್-ಐಎನ್,ಕೆಎನ್;ಕ್ಯೂ=0.9,ಇಎನ್;ಕ್ಯೂ=0.8’ ಎಂಬಂಥ ಸಾಲು ಬರುತ್ತದೆ. ಕ್ಯೂ ಎಂಬುದು 0 ರಿಂದ 1 ರವರೆಗಿನ ತೂಕ. ದಶಮಾಂಶದ ನಂತರ ಹೆಚ್ಚೆಂದರೆ 3 ಅಂಕಿಗಳಿರಬಹುದು. ಅದನ್ನು ಹೇಳದೇ ಬಿಟ್ಟಿದ್ದರೆ 1 ಎಂದು ತಿಳಿಯಬೇಕು, 0 ಎಂದಿದ್ದರೆ ಆ ಭಾಷೆ ಬೇಡವೆಂದೇ ಅರ್ಥ. ವೆಬ್ಬಿನ ಎಚ್‌ಟಿಟಿಪಿ ನಿಯಮಾವಳಿಯ ದಾಖಲೆಯಾದ 2022ರ ಆರ್‌ಎಫ್‌ಸಿ 9110ರಲ್ಲಿ ಈ ನಿಯಮಗಳಿವೆ.

ಕೆಲವರು ಈ ಹೆಡರನ್ನೇ ಬದಿಗಿಟ್ಟು, ಐಪಿ ವಿಳಾಸ ಕರ್ನಾಟಕದ್ದಾದರೆ ಕನ್ನಡ ಕೊಡಿ ಎಂದು ಸಲಹೆ ನೀಡುತ್ತಾರೆ. ರಾಯಚೂರಿನಲ್ಲಿ ಇಂಥದೇ ದರಪಟ್ಟಿಯ ಸರ್ವರ್ ನೋಡಿಕೊಳ್ಳುವ ನಾನು ಅದನ್ನು ಒಪ್ಪುವುದಿಲ್ಲ. ಇಲ್ಲಿನ ಹತ್ತಿ ಮಾರುಕಟ್ಟೆಗೆ ತೆಲಂಗಾಣದ ಗದ್ವಾಲ ಕಡೆಯ ರೈತರು ಬಂದು ಇದೇ ಊರಿನ ಟವರಿನಿಂದ ದರ ನೋಡುತ್ತಾರೆ, ಅವರಿಗೆ ತೆಲುಗು ಬೇಕು; ಊರೊಳಗೇ ಉರ್ದು ಓದುವವರೂ ಬೇಕಾದಷ್ಟಿದ್ದಾರೆ. ತನಗೆ ಯಾವ ಭಾಷೆ ಬೇಕೆಂದು ಮನುಷ್ಯ ತಾನೇ ಹೇಳಿರುವಾಗ, ಅವನು ನಿಂತ ಜಾಗ ನೋಡಿ ನಾವು ಊಹಿಸುವುದು ಸರಿಯಲ್ಲ. ಕನ್ನಡದ ಫೋನು ಹೈದರಾಬಾದಿನಲ್ಲಿದ್ದರೂ ಕನ್ನಡದ ದರಪಟ್ಟಿಯೇ ಸಿಗಬೇಕು ಎಂಬುದೂ ಇದೇ ನ್ಯಾಯ.

ಇನ್ನು ಕೋಡಿನ ವಿಚಾರ. ನೀವು ಬಳಸಿರುವ ‘ಎಂಎಚ್‌ಡಿ_ಲುಕಪ್_ಕನೆಕ್ಷನ್_ವ್ಯಾಲ್ಯೂ’ ಒಂದೇ ಹೆಸರಿನ ಹಲವು ಹೆಡರುಗಳು ಬಂದಾಗ ಅವುಗಳಲ್ಲಿ ಒಂದನ್ನು ಮಾತ್ರ ಕೊಡುತ್ತದೆ. ಪಟ್ಟಿಯನ್ನು ಎರಡು ಹೆಡರುಗಳಾಗಿ ಒಡೆದು ಕಳಿಸಲು ಎಚ್‌ಟಿಟಿಪಿಯಲ್ಲಿ ಅವಕಾಶವಿರುವುದರಿಂದ, ‘ಎಂಎಚ್‌ಡಿ_ಗೆಟ್_ಕನೆಕ್ಷನ್_ವ್ಯಾಲ್ಯೂಸ್’ಗೆ ಒಂದು ಕಾಲ್‌ಬ್ಯಾಕ್ (ಪ್ರತಿ ಹೆಡರಿಗೂ ಲೈಬ್ರರಿ ಕರೆಯುವ ಫಂಕ್ಷನ್) ಕೊಟ್ಟು ಎಲ್ಲವನ್ನೂ ಸಂಗ್ರಹಿಸುವುದು ಕ್ಷೇಮ. ಕೈಗೆ ಬರುವ ಪಾಯಿಂಟರ್ ಲೈಬ್ರರಿಯ ಸ್ವತ್ತು. ಅದರ ಮೇಲೆ, ಪಠ್ಯವನ್ನು ಅಲ್ಲಿಯೇ ಬದಲಿಸಿ ತುಂಡರಿಸುವ ಎಸ್‌ಟಿಆರ್‌ಟಾಕ್ ಓಡಿಸಿದರೆ ನಿಮ್ಮದಲ್ಲದ ಮೆಮೊರಿಯಲ್ಲಿ ಬರೆದಂತಾಗುತ್ತದೆ. ಪ್ರತಿ ಮಾಡಿಕೊಳ್ಳಿ, ಇಲ್ಲವೇ ಅಲ್ಪವಿರಾಮ ಎಲ್ಲಿದೆಯೆಂದು ಹುಡುಕುತ್ತ ಪಾಯಿಂಟರ್ ಮತ್ತು ಉದ್ದದ ಜೋಡಿಯಾಗಿ ಓದುತ್ತ ಹೋಗಿ.

ತೂಕವನ್ನು ಎಸ್‌ಟಿಆರ್‌ಟಿಒಡಿಯಿಂದ (ಪಠ್ಯವನ್ನು ದಶಮಾಂಶ ಸಂಖ್ಯೆಯಾಗಿಸುವ ಫಂಕ್ಷನ್) ಓದಬೇಡಿ. ಅದು ಚಾಲ್ತಿಯಲ್ಲಿರುವ ಲೊಕೇಲಿನ (ಭಾಷೆ, ಪ್ರದೇಶಗಳ ಹೊಂದಿಕೆ) ದಶಮಾಂಶ ಚಿಹ್ನೆಯನ್ನೇ ನಂಬುತ್ತದೆ. ಕನ್ನಡದ ಲೊಕೇಲಿನಲ್ಲಿ ಚುಕ್ಕಿಯೇ ಇರುವುದರಿಂದ ನಿಮಗೆ ತೊಂದರೆ ಕಾಣದೆ ಇರಬಹುದು; ಅದೇ ಪ್ರೋಗ್ರಾಮ್ ಜರ್ಮನ್ ಲೊಕೇಲಿನಲ್ಲಿ ಓಡಿದರೆ ‘0.9’ ಎಂಬುದು ಚುಕ್ಕಿಯ ಹತ್ತಿರವೇ ನಿಂತು 0 ಆಗುತ್ತದೆ, ಅಂದರೆ ಬೇಕೆಂದ ಭಾಷೆಯೇ ಬೇಡವಾದದ್ದಾಗುತ್ತದೆ. ನಾನು ಅಂಕಿಗಳನ್ನು ಒಂದೊಂದಾಗಿ ಓದಿ ತೂಕವನ್ನು 0 ರಿಂದ 1000 ರವರೆಗಿನ ಪೂರ್ಣಾಂಕವಾಗಿ ಇಟ್ಟುಕೊಳ್ಳುತ್ತೇನೆ: 0.9 ಬಂದರೆ 900, 0.85 ಬಂದರೆ 850. ಅರ್ಧವಿರಾಮದ ಆಚೆ ಈಚೆ ಖಾಲಿ ಜಾಗ ಇರಬಹುದೆಂಬುದು ನೆನಪಿರಲಿ. ಪಟ್ಟಿಯನ್ನು ಹೆಚ್ಚಿನ ತೂಕದಿಂದ ಕಡಿಮೆಗೆ ಜೋಡಿಸುವಾಗ, ತೂಕ ಸಮವಾಗಿದ್ದರೆ ಬಂದ ಕ್ರಮವನ್ನೇ ಉಳಿಸಿಕೊಳ್ಳಿ. ಸಿ ಭಾಷೆಯ ವಿಂಗಡಣೆ ಫಂಕ್ಷನ್ ಕ್ಯೂಸಾರ್ಟ್ ಆ ಭರವಸೆ ಕೊಡುವುದಿಲ್ಲವಾದ್ದರಿಂದ ಬಂದ ಸ್ಥಾನವನ್ನೂ ಹೋಲಿಕೆಯಲ್ಲಿ ಸೇರಿಸಬೇಕು.

ಹೊಂದಿಸುವುದಕ್ಕೆ 2006ರ ಆರ್‌ಎಫ್‌ಸಿ 4647 ಹೇಳುವ ಲುಕಪ್ ವಿಧಾನ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ‘ಕೆಎನ್-ಐಎನ್’ ನಿಮ್ಮಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಬಲಗಡೆಯ ತುಂಡನ್ನು ತೆಗೆದು ‘ಕೆಎನ್’ ಹುಡುಕಿ. ಅದೂ ಇಲ್ಲವಾದರೆ ಮಾತ್ರ ಪಟ್ಟಿಯ ಮುಂದಿನ ಭಾಷೆಗೆ ಹೋಗಿ. ದೊಡ್ಡಕ್ಷರ, ಸಣ್ಣಕ್ಷರಗಳ ಭೇದ ಮಾಡಬಾರದು. ಮೊದಲ ಎರಡು ಅಕ್ಷರ ಹೋಲಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು: ‘ಟಿಇ’ ತೆಲುಗು, ‘ಟಿಇಟಿ’ ಪೂರ್ವ ತಿಮೋರಿನ ಟೆಟುಮ್. ತುಂಡನ್ನು ಹೈಫನ್‌ವರೆಗೆ ಪೂರ್ತಿಯಾಗಿಯೇ ಹೋಲಿಸಬೇಕು. ಯಾವುದೂ ಹೊಂದದಿದ್ದರೆ 406 (ಒಪ್ಪುವ ರೂಪವಿಲ್ಲ ಎಂಬ ಸಂಕೇತ) ಕಳಿಸಿ ರೈತನನ್ನು ಬರಿಗೈಯಲ್ಲಿ ಕಳಿಸಬೇಡಿ. ನಿಮ್ಮ ಡೀಫಾಲ್ಟ್ ಭಾಷೆಯಲ್ಲಾದರೂ ದರ ಕೊಡಿ, ಅದಕ್ಕೆ ಎಚ್‌ಟಿಟಿಪಿ ಒಪ್ಪುತ್ತದೆ.

ಉತ್ತರದಲ್ಲಿ ಕಂಟೆಂಟ್-ಲ್ಯಾಂಗ್ವೇಜ್ ಹಾಕಿ ನೀವು ಆರಿಸಿದ ಭಾಷೆಯನ್ನು ತಿಳಿಸಿ. ಅದರ ಜೊತೆಗೆ ‘ವೇರಿ: ಅಕ್ಸೆಪ್ಟ್-ಲ್ಯಾಂಗ್ವೇಜ್’ ಇರಲೇಬೇಕು. ಅದಿಲ್ಲದಿದ್ದರೆ ಉತ್ತರಗಳ ಪ್ರತಿ ಇಟ್ಟುಕೊಳ್ಳುವ ನಡುವಿನ ಕ್ಯಾಶ್ ಒಬ್ಬರಿಗೆ ಕೊಟ್ಟ ತೆಲುಗು ಪುಟವನ್ನೇ ಮುಂದಿನ ಕನ್ನಡದವರಿಗೂ ಕೊಡಬಹುದು, ಆಗ ನಿಮ್ಮ ಕೋಡ್ ಎಷ್ಟು ಸರಿಯಿದ್ದರೂ ಪ್ರಯೋಜನವಿಲ್ಲ.

ಉತ್ತರದ ಉದ್ದವನ್ನು ಬೈಟುಗಳಲ್ಲೇ ಕೊಡಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು ಬೇಕು; ‘ರಾಯಚೂರು’ ಕಣ್ಣಿಗೆ ನಾಲ್ಕಕ್ಷರವಾದರೂ ಸ್ವರಚಿಹ್ನೆಗಳೂ ಸೇರಿ 7 ಸಂಕೇತ, 21 ಬೈಟು. ಎಸ್‌ಟಿಆರ್‌ಲೆನ್ ಕೊಡುವುದು ಬೈಟುಗಳನ್ನೇ ಆದ್ದರಿಂದ ಅದನ್ನೇ ನಂಬಿ. ಕಂಟೆಂಟ್-ಟೈಪಿನಲ್ಲಿ ಯುಟಿಎಫ್-8 ಎಂದು ಬರೆಯುವುದನ್ನು ಬಿಡಬೇಡಿ.

ತಿದ್ದಿದ ಮೇಲೆ ಫೋನಿಗೆ ಕಾಯದೆ ಕರ್ಲ್ ಆದೇಶದಿಂದಲೇ ಪರೀಕ್ಷಿಸಿ: ಮೊದಲು ಹೆಡರ್ ಇಲ್ಲದೆ, ಆಮೇಲೆ ‘ಕೆಎನ್;ಕ್ಯೂ=0,ಟಿಇ’ ಎಂದು, ಕೊನೆಗೆ ‘ಟಿಇಟಿ,ಕೆಎನ್;ಕ್ಯೂ=0.5’ ಎಂದು ಕಳಿಸಿ. ಕ್ರಮವಾಗಿ ಡೀಫಾಲ್ಟ್ ಭಾಷೆ, ತೆಲುಗು, ಕನ್ನಡ ಬರಬೇಕು. ಬೇರೆ ಏನಾದರೂ ಬಂದರೆ ಆ ಉತ್ತರದ ಹೆಡರುಗಳನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.