ಮಂಜರಾಬಾದ್ ನೋಡಿದವರು ಲುವಾರ್ ಕಣಿವೆಗೆ ಏಕೆ ಹೋಗಬೇಕು?

ಪ್ರಶ್ನೆ: ಮಗ ಪ್ಯಾರಿಸ್‌ನಲ್ಲಿ ಕೆಲಸದಲ್ಲಿದ್ದಾನೆ. ಜೂನ್‌ನಲ್ಲಿ ನಾನೂ ನನ್ನ ಹೆಂಡತಿಯೂ ಹೋಗುತ್ತಿದ್ದೇವೆ. ಲುವಾರ್ ನದಿ ಕಣಿವೆಯ ಹಳೆಯ ಕೋಟೆ, ಅರಮನೆಗಳಿಗಾಗಿ ಮೂರು ದಿನ ಇಟ್ಟುಕೊಂಡಿದ್ದೇವೆ. ಪ್ರವಾಸದವರು ಕೊಟ್ಟ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿವೆ. ನನ್ನಾಕೆಗೆ ಮೊಣಕಾಲು ನೋವು. ಅದೂ ಅಲ್ಲದೆ, ‘ಮನೆಯ ಹತ್ತಿರವೇ ಮಂಜರಾಬಾದ್ ಇರುವಾಗ ಅಷ್ಟು ದೂರ ಹೋಗಿ ಕೋಟೆ ನೋಡುವುದೇನಿದೆ?’ ಎನ್ನುತ್ತಾಳೆ. ಏನು ಹೇಳಲಿ?
– ಓದುಗರು, ಸಕಲೇಶಪುರ

ಉತ್ತರ: ನಿಮ್ಮ ಮನೆಯವರ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಹಾಸನದಲ್ಲಿ ಇತಿಹಾಸ ಪಾಠ ಮಾಡಿಕೊಂಡಿದ್ದ ನನ್ನನ್ನು ಈ ಪ್ರಶ್ನೆ ಬಹಳ ಕಾಲ ಕಾಡಿದೆ. ಹೊರಡುವ ಮುಂಚೆ ನೀವೊಬ್ಬರೇ ಆದರೂ ಸರಿ, ಮಂಜರಾಬಾದ್ ಹತ್ತಿ ಗೋಡೆಯ ಮೇಲೆ ಒಂದು ಸುತ್ತು ಬನ್ನಿ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿ ಮುಗಿಸಿದ ಆ ಕೋಟೆಗೆ ಎಂಟು ಮೂಲೆಗಳ ನಕ್ಷತ್ರದ ಆಕಾರ. ಚಿತ್ರದುರ್ಗದಲ್ಲಿ ಕಾಣುವಂಥ ಎತ್ತರದ ಬತೇರಿಗಳು ಅಲ್ಲಿಲ್ಲ. ಕಾರಣ ಫಿರಂಗಿ. ಎತ್ತರದ ನೆಟ್ಟನೆಯ ಗೋಡೆಯನ್ನು ಗುಂಡು ಉರುಳಿಸುತ್ತದೆ. ತಗ್ಗಾದ, ದಪ್ಪನಾದ, ಓರೆಯಾಗಿ ಚಾಚಿದ ಗೋಡೆ ತಡೆದುಕೊಳ್ಳುತ್ತದೆ, ಒಂದು ಮೂಲೆಯಲ್ಲಿ ನಿಂತವನು ಪಕ್ಕದ ಮೂಲೆಯ ಬುಡವನ್ನು ಕಾಯಬಲ್ಲ. ಇಟಲಿಯಲ್ಲಿ ಹುಟ್ಟಿದ ಈ ವಿದ್ಯೆಯನ್ನು ಫ್ರಾನ್ಸಿನ 14ನೆಯ ಲೂಯಿಯ ಎಂಜಿನಿಯರ್ ವೊಬಾನ್ ಪಳಗಿಸಿದ. ನಿಮ್ಮೂರಿನ ಕೋಟೆ ಆ ವಂಶದ್ದು.

ಲುವಾರ್ ಕಣಿವೆಯ ದೊರೆಗಳಿಗೂ ಅದೇ ಫಿರಂಗಿ ಎದುರಾಗಿತ್ತು, ಆದರೆ ಅವರು ಬೇರೆ ದಾರಿ ಹಿಡಿದರು. 1453ಕ್ಕೆ ಇಂಗ್ಲಿಷರೊಡನೆ ನೂರು ವರ್ಷಕ್ಕೂ ಮಿಕ್ಕಿ ನಡೆದ ಯುದ್ಧ ಮುಗಿದಿತ್ತು. 1494ರಲ್ಲಿ ಇಟಲಿಗೆ ದಂಡೆತ್ತಿ ಹೋದ 8ನೆಯ ಚಾರ್ಲ್ಸ್ ಅಲ್ಲಿಂದ ಕುಶಲಕರ್ಮಿಗಳನ್ನೂ ತೋಟಗಾರರನ್ನೂ ಕರೆತಂದ. ಎತ್ತರದ ಗೋಡೆ ಇನ್ನು ಕಾಯಲಾರದು ಎಂದಾದ ಮೇಲೆ ಅದನ್ನು ಒಡೆದು ಕಿಟಕಿ ಇಟ್ಟರು, ಕಂದಕದ ನೀರನ್ನು ಕನ್ನಡಿ ಮಾಡಿಕೊಂಡರು. ಬುರುಜುಗಳು ಉಳಿದದ್ದು ಗತ್ತಿಗಾಗಿ. ಮಂಜರಾಬಾದ್ ಕಂಡ ಕಣ್ಣಿಗೆ ಈ ವ್ಯತ್ಯಾಸ ಹೊಳೆಯುವಷ್ಟು ಬೇರೆಯವರಿಗೆ ಹೊಳೆಯುವುದಿಲ್ಲ. ಮನೆಯವರಿಗೆ ಇದನ್ನೇ ಹೇಳಿ.

ಒಂಬತ್ತರ ಪಟ್ಟಿಯನ್ನು ದಯವಿಟ್ಟು ಬದಿಗಿಡಿ. ಮೂರನೆಯ ಅರಮನೆಯ ಹೊತ್ತಿಗೆ ಎಲ್ಲ ಮಂಚಗಳೂ ಎಲ್ಲ ಪರದೆಗಳೂ ಒಂದೇ ಎನಿಸತೊಡಗುತ್ತವೆ. ತೂರ್ ಊರಿನಲ್ಲಿ ತಂಗಿ. ಪ್ಯಾರಿಸ್‌ನ ಮೊಂಪಾರ್ನಾಸ್ ನಿಲ್ದಾಣದಿಂದ ವೇಗದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಕೆಲವು ರೈಲುಗಳು ಪಕ್ಕದ ಸೇಂಟ್ ಪಿಯೆರ್ ನಿಲ್ದಾಣದಲ್ಲಿ ಇಳಿಸುತ್ತವೆ. ಅಲ್ಲಿಂದ ಊರೊಳಕ್ಕೆ ಇನ್ನೊಂದು ರೈಲು ಹತ್ತಬೇಕು.

ಒಂದೇ ಒಂದನ್ನು ನೋಡಲು ಸಾಧ್ಯವೆಂದರೆ ಶೆನೊನ್ಸೊಗೆ ಹೋಗಿ ಎನ್ನುತ್ತೇನೆ. ತೂರ್‌ನಿಂದ ಅರ್ಧ ಗಂಟೆಯ ರೈಲು, ನಿಲ್ದಾಣದ ಎದುರೇ ಬಾಗಿಲು. ಲುವಾರ್‌ನ ಉಪನದಿ ಶೇರ್‌ಗೆ ಅಡ್ಡಲಾಗಿ ನಿಂತ ಅರಮನೆ ಅದು. 2ನೆಯ ಹೆನ್ರಿ ಇದನ್ನು ತನ್ನ ಪ್ರೇಯಸಿ ಡಿಯಾನ್‌ಗೆ ಕೊಟ್ಟಿದ್ದ. ಆಕೆ ನದಿಗೆ ಸೇತುವೆ ಕಟ್ಟಿಸಿದಳು. ದೊರೆ ಸತ್ತ ಮೇಲೆ ರಾಣಿ ಕ್ಯಾಥರೀನ್ ಆಕೆಯಿಂದ ಅರಮನೆಯನ್ನು ಕಿತ್ತುಕೊಂಡು ಅದೇ ಸೇತುವೆಯ ಮೇಲೆ 60 ಮೀಟರ್ ಉದ್ದದ ಹಜಾರ ಎಬ್ಬಿಸಿದಳು. ಅಡುಗೆಮನೆ ಕೆಳಗೆ, ಕಂಬದ ಬುಡದೊಳಗಿದೆ. ಸಾಮಾನು ನೇರವಾಗಿ ದೋಣಿಯಲ್ಲಿ ಬಂದಿಳಿಯುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಆ ಹಜಾರವೇ ಆಸ್ಪತ್ರೆಯಾಗಿ ಎರಡು ಸಾವಿರಕ್ಕೂ ಹೆಚ್ಚು ಗಾಯಾಳುಗಳು ಅಲ್ಲಿ ಮಲಗಿದರು. ಎರಡನೆಯ ಯುದ್ಧದಲ್ಲಿ ಶೇರ್ ನದಿಯೇ ಗಡಿ. ಮುಂಬಾಗಿಲು ಜರ್ಮನರು ಹಿಡಿದ ನೆಲದಲ್ಲಿ, ಹಜಾರದ ಕೊನೆಯ ಬಾಗಿಲು ಅವರ ಕೈಗೆ ಸಿಗದ ನೆಲದಲ್ಲಿ. ತಪ್ಪಿಸಿಕೊಂಡು ಹೊರಟವರು ಆ ಕಪ್ಪುಬಿಳುಪು ಚೌಕದ ನೆಲದ ಮೇಲೆ ನಡೆದು ಆಚೆ ದಾಟಿದರು. ಕಾಯುವುದಕ್ಕೆಂದು ಕಟ್ಟದ ಮನೆ ಅಷ್ಟು ಜನರನ್ನು ಕಾಯಿತು. ನಾನು ಆ ಕೊನೆಯ ಬಾಗಿಲ ಬಳಿ ಬಹಳ ಹೊತ್ತು ನಿಂತಿದ್ದೆ. ನೀವೂ ನಿಲ್ಲಿ.

ಎರಡನೆಯ ದಿನ ಅಂಬ್ವಾಜ್. ಲಿಯೊನಾರ್ಡೊ ಡಾ ವಿಂಚಿ 1519ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ, ಸಮಾಧಿ ಇರುವುದು ಕೋಟೆಯ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ. ಇಲ್ಲಿನ ಒಂದು ದಪ್ಪ ಬುರುಜಿನೊಳಗೆ ಮೆಟ್ಟಿಲುಗಳ ಬದಲು ಕುದುರೆ, ಗಾಡಿಗಳಿಗೆಂದು ಸುತ್ತಿಕೊಂಡು ಏರುವ ಇಳಿಜಾರು ದಾರಿಯಿದೆ. ಮೊಣಕಾಲು ನೋವಿನವರು ಅದರಲ್ಲಿ ನಿಧಾನವಾಗಿ ಇಳಿದು ಬರಬಹುದು.

ಶಂಬೋರ್ ಬಗ್ಗೆ ನೀವು ಬೇಸರ ಮಾಡಿಕೊಳ್ಳಬಾರದು. ಎಲ್ಲರೂ ಹೊಗಳುತ್ತಾರೆ, ನನಗೆ ಅದು ಹಿಡಿಸಲಿಲ್ಲ. 1519ರಲ್ಲಿ 1ನೆಯ ಫ್ರಾನ್ಸಿಸ್ ಬೇಟೆಗೆಂದು ಕಟ್ಟಿಸಲು ತೊಡಗಿದ ಆ ಬೃಹತ್ ಕಟ್ಟಡದಲ್ಲಿ ನಾನೂರಕ್ಕೂ ಹೆಚ್ಚು ಕೋಣೆಗಳು. ದೊರೆ ತನ್ನ ಆಳ್ವಿಕೆಯಲ್ಲಿ ಅಲ್ಲಿದ್ದದ್ದು ಕೆಲವೇ ವಾರ. ಯಾರೂ ಬಾಳದ ಮನೆಯ ತಣ್ಣಗಿನ ಗುಣ ಅದಕ್ಕಿದೆ. ನಡುವಿನ ಜೋಡಿ ಸುರುಳಿ ಮೆಟ್ಟಿಲು ಮಾತ್ರ ಅದ್ಭುತ. ಒಬ್ಬರು ಹತ್ತುತ್ತಾ ಇನ್ನೊಬ್ಬರು ಇಳಿಯುತ್ತಿದ್ದರೆ ಕಿಂಡಿಗಳಲ್ಲಿ ಮುಖ ಕಾಣುತ್ತದೆ, ಎದುರುಬದುರಾಗುವುದಿಲ್ಲ. ನಿಮ್ಮ ಮನೆಯವರಿಗೆ ಆ ಹತ್ತಾಟ ಬೇಡ. ಮೂರನೆಯ ದಿನ ತೂರ್‌ನಿಂದ ಟ್ಯಾಕ್ಸಿಯಲ್ಲಿ ವಿಲಾಂದ್ರಿಗೆ ಹೋಗಿ. ವಿಜ್ಞಾನದ ವೃತ್ತಿ ಬಿಟ್ಟು ಬಂದ ಸ್ಪೇನ್ ಮೂಲದ ಜೋಆಕಿಂ ಕಾರ್ವಾಯೊ 1906ರಲ್ಲಿ ಅದನ್ನು ಕೊಂಡು, ಹಳೆಯ ಕಾಲದ ತೋಟವನ್ನು ಮತ್ತೆ ಎಬ್ಬಿಸಿದ. ಎಲೆಕೋಸು, ಬೀಟ್‌ರೂಟ್‌ಗಳನ್ನು ಬಣ್ಣ ನೋಡಿ ರಂಗೋಲಿಯಂತೆ ನೆಟ್ಟಿದ್ದಾರೆ. ಕಾಫಿ ತೋಟದ ಊರಿನವರಿಗೆ ಅಲ್ಲಿಂದ ಹೊರಡಲು ಮನಸ್ಸಾಗದು.

ಪ್ರಶ್ನೆ: ಅಲ್ಲಿ ಸಸ್ಯಾಹಾರಿಗಳ ಗತಿಯೇನು?
– ಓದುಗರು, ಅರಸೀಕೆರೆ

ಉತ್ತರ: ಮಧ್ಯಾಹ್ನ 12ರಿಂದ 2ರೊಳಗೆ ಊಟಕ್ಕೆ ಕೂತುಬಿಡಿ. ಆಮೇಲೆ ಸಣ್ಣ ಊರುಗಳ ಹೋಟೆಲುಗಳಲ್ಲಿ ಒಲೆ ಆರುತ್ತದೆ. ಆ ಸೀಮೆಯ ಮೇಕೆ ಹಾಲಿನ ಚೀಸ್ ಹೆಸರುವಾಸಿ. ಆದರೆ ಹಾಲು ಒಡೆಸಲು ಸಾಮಾನ್ಯವಾಗಿ ಪ್ರಾಣಿಯ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಒಪ್ಪದವರು ಸಂತೆಯಲ್ಲಿ ಬ್ರೆಡ್ಡು, ಟೊಮೆಟೊ, ಸ್ಟ್ರಾಬೆರಿ ಕೊಳ್ಳಿ. ಚಟ್ನಿಪುಡಿ ಜೊತೆಗಿರಲಿ.

ಪ್ರಶ್ನೆ: ಬೇಲೂರಿನ ಶಿಲ್ಪ ನೋಡಿ ಬೆಳೆದವನು ನಾನು. ಅಲ್ಲಿಯ ಕಲ್ಲು ಎಂಥದ್ದು?
– ಓದುಗರು, ಬೇಲೂರು

ಉತ್ತರ: ಬಿಳಿ ಸುಣ್ಣಕಲ್ಲು, ಹೆಸರು ತುಫೋ. ನಮ್ಮ ಬಳಪದ ಕಲ್ಲಿನಂತೆ ಮೆತ್ತಗೆ, ಉಳಿಗೆ ಸುಲಭವಾಗಿ ಬಗ್ಗುತ್ತದೆ. ನದಿಯ ಇಕ್ಕೆಲದ ಬಂಡೆಗಳಿಂದಲೇ ಕೊರೆದು ತೆಗೆದರು. ಆ ಗವಿಗಳಲ್ಲಿ ಜನ ಮನೆ ಮಾಡಿಕೊಂಡರು, ಅಣಬೆ ಬೆಳೆದರು, ವೈನ್ ಇಟ್ಟರು. ಆದರೆ ನಮ್ಮ ಕಲ್ಲಿನ ಬಾಳಿಕೆ ಅದಕ್ಕಿಲ್ಲ. ತೇವ ಹೀರಿ ಪುಡಿಯಾಗುವ ಕಲ್ಲುಗಳನ್ನು ತೆಗೆದು ಹೊಸದನ್ನು ಕೂರಿಸುತ್ತಲೇ ಇರಬೇಕು. ಮದನಿಕೆಯರ ಬೆರಳಿನ ಉಂಗುರದಷ್ಟು ನಾಜೂಕನ್ನು ಅಲ್ಲಿ ಹುಡುಕಬೇಡಿ. ಕೆತ್ತನೆಗಾಗಿಯೇ ಹೋಗುವುದಾದರೆ ಶಂಬೋರ್‌ನ ಎರಡನೆಯ ಅಂತಸ್ತಿಗೆ ಹತ್ತಿ, ಕಮಾನು ಚಾವಣಿಯ ಚೌಕಗಳಲ್ಲಿ ಫ್ರಾನ್ಸಿಸ್‌ನ ಲಾಂಛನವಾದ ಸಲಮಾಂಡರ್ (ಹಲ್ಲಿಯಂತೆ ಕಾಣುವ ಪ್ರಾಣಿ) ಮತ್ತು ಅವನ ಹೆಸರಿನ ಮೊದಲ ಅಕ್ಷರ ನೋಡಿ. ಚಿಕ್ಕದೊಂದು ದುರ್ಬೀನು ಒಯ್ದರೆ ಕತ್ತು ನೋಯುವುದಿಲ್ಲ.