ಲಿಫ್ಟಿನಲ್ಲಿ ನಾನೂ ನಕ್ಕುಬಿಟ್ಟೆ

ಪ್ರಶ್ನೆ: ನನಗೆ 42 ವರ್ಷ. ಗಂಡ ಮತ್ತು 14 ವರ್ಷದ ಮಗಳ ಜೊತೆ ವಸತಿ ಸಮುಚ್ಚಯವೊಂದರಲ್ಲಿ ಇದ್ದೇನೆ. ಇಲ್ಲಿನ ನಿವಾಸಿಗಳ ಸಂಘಕ್ಕೆ ನನ್ನ ಭಾವ, ಅಂದರೆ ಗಂಡನ ಅಣ್ಣ, ಕಾರ್ಯದರ್ಶಿ. ಆರು ತಿಂಗಳ ಹಿಂದೆ ನಮ್ಮ ಮೇಲಿನ ಮನೆಗೆ ಬೇರೆ ದೇಶದಿಂದ ಓದಲು ಬಂದ ಇಬ್ಬರು ಹುಡುಗಿಯರು ಬಾಡಿಗೆಗೆ ಬಂದರು. ಕಡುಗಪ್ಪು ಮೈಬಣ್ಣ. ಅಂದಿನಿಂದ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರದೇ ಮಾತು. ರಾತ್ರಿ ಯಾರು ಯಾರೋ ಬರುತ್ತಾರಂತೆ, ಏನೋ ವಾಸನೆಯಂತೆ, ಮಕ್ಕಳು ಹೆದರುತ್ತಾರಂತೆ. ನಾನು ಕಂಡಂತೆ ಅವರು ಬೆಳಿಗ್ಗೆ ಹೋಗಿ ಸಂಜೆ ಬರುತ್ತಾರೆ, ಅಷ್ಟೆ. ಹೋದ ವಾರ ಲಿಫ್ಟಿನಲ್ಲಿ ನಾನು, ನನ್ನ ಮಗಳು, ಪಕ್ಕದ ಮನೆಯವರು, ಅವರ ಐದು ವರ್ಷದ ಮಗು ಇದ್ದೆವು. ಆ ಹುಡುಗಿಯರಲ್ಲಿ ಒಬ್ಬಳು ಹತ್ತಿದಳು. ಪಕ್ಕದ ಮನೆಯವರು ಮಗುವನ್ನು ಹಿಂದಕ್ಕೆಳೆದುಕೊಂಡು ಮೂಗು ಮುಚ್ಚಿಕೊಂಡರು. ಮಗು ಜೋರಾಗಿ, 'ಅಮ್ಮಾ, ಇವಳ ಬಣ್ಣ ನಂಗೆ ಅಂಟುತ್ತಾ?' ಎಂದಿತು. ಅವರು ನಕ್ಕರು. ನಾನೂ ನಕ್ಕುಬಿಟ್ಟೆ. ಆ ಹುಡುಗಿ ಮಹಡಿಯ ಸಂಖ್ಯೆ ಬದಲಾಗುವುದನ್ನೇ ನೋಡುತ್ತಾ ನಿಂತಿದ್ದಳು. ಅವಳಿಗೆ ನಮ್ಮ ಭಾಷೆ ಬರುವುದಿಲ್ಲ, ಆದರೆ ಎಲ್ಲಾ ಅರ್ಥವಾಯಿತು ಅನಿಸುತ್ತದೆ. ರಾತ್ರಿ ಮಗಳು ಕೇಳಿದಳು, 'ನೀನ್ಯಾಕಮ್ಮಾ ನಕ್ಕೆ?' ಚಿಕ್ಕವಳಿದ್ದಾಗ ನನ್ನನ್ನೂ 'ಕರಿ' ಎಂದು ಹಂಗಿಸುತ್ತಿದ್ದರು. ಆದರೂ ನಕ್ಕೆ. ಈಗ 'ಇಂಥವರಿಗೆ' ಮನೆ ಕೊಡಬಾರದು, ಇರುವವರನ್ನೂ ಖಾಲಿ ಮಾಡಿಸಬೇಕು ಎಂಬ ಠರಾವು ಬರುವ ಭಾನುವಾರದ ಸಭೆಯಲ್ಲಿದೆ. ತರುತ್ತಿರುವುದು ನನ್ನ ಭಾವನೇ. ಗಂಡ 'ನಮಗ್ಯಾಕೆ ಊರ ಉಸಾಬರಿ' ಅನ್ನುತ್ತಾರೆ. ಮೂರನೇ ಮಹಡಿಯ ನಿವೃತ್ತ ಮೇಷ್ಟ್ರೊಬ್ಬರನ್ನು ಬಿಟ್ಟರೆ ಎಲ್ಲರೂ ಗುಂಪಿನಲ್ಲಿ ಒಂದಲ್ಲ ಒಂದು ಮಾತು ಹಾಕಿದ್ದಾರೆ. ನಾನು ಬಾಯಿಬಿಟ್ಟರೆ ಮನೆತನದಲ್ಲೂ ಒಂಟಿ, ನೆರೆಹೊರೆಯಲ್ಲೂ ಒಂಟಿ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಆ ಲಿಫ್ಟಿನ ಹತ್ತಿರ ಬಂದಾಗ ಮುಂದೆ ಹೋಗಲಾಗಲಿಲ್ಲ. 'ಪಕ್ಕದ ಮನೆಯವರು ನಕ್ಕರು' ಎಂದು ಬರೆದು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ ನೀವು. ಆ ಒಂದು ಸಾಲಿಗಾಗಿ ನಿಮ್ಮ ಮೇಲೆ ಗೌರವ ಮೂಡಿತು.

ನನಗೂ ಇಂಥದೊಂದು ನೆನಪಿದೆ. ಹಿಂದೆ ನಾನು ಕೆಲಸ ಮಾಡುತ್ತಿದ್ದಲ್ಲಿ ಸಹೋದ್ಯೋಗಿಯೊಬ್ಬರ ಮುಖಚಹರೆಯನ್ನು, ಮಾತಿನ ರೀತಿಯನ್ನು ಹಿರಿಯರೊಬ್ಬರು ಎಲ್ಲರ ಮುಂದೆ ಅಣಕಿಸಿದರು. ನಾನು ಮೇಜಿನ ಮೇಲಿದ್ದ ಕಾಗದಗಳನ್ನು ಒಂದೇ ಅಂಚಿಗೆ ಬರುವಂತೆ ಜೋಡಿಸುತ್ತಾ ಕೂತೆ. ಆಗಲೇ ಜೋಡಿಸಿದ್ದವನ್ನೇ ಮತ್ತೆ ಜೋಡಿಸಿದೆ. ವರ್ಷಗಳಾದ ಮೇಲೆ ಆತ ಸಿಕ್ಕಾಗ ಆ ದಿನದ ಮಾತು ಬಂತು. ಅಣಕಿಸಿದವರ ಮಾತು ತನಗೆ ಸರಿಯಾಗಿ ನೆನಪಿಲ್ಲ, ಆ ಕೋಣೆಯಲ್ಲಿ ಯಾರು ಯಾರು ಎಲ್ಲಿ ಕೂತಿದ್ದರು ಎಂಬುದು ಮಾತ್ರ ಅಚ್ಚೊತ್ತಿದಂತೆ ನೆನಪಿದೆ ಎಂದರು. ನಾನು ಕೂತಿದ್ದ ಕುರ್ಚಿಯೂ ಅವರಿಗೆ ನೆನಪಿತ್ತು. ಹಾಗಾಗಿ, ಸುಮ್ಮನಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದುಕೊಳ್ಳಬೇಡಿ. ಯಾರ ಕಣ್ಣಿಗೆ ಬೀಳಬಾರದೋ ಅವರ ಕಣ್ಣಿಗೇ ಬೀಳುತ್ತೇವೆ.

ಮಾತಾಡಲೋ ಬೇಡವೋ ಎಂಬ ಪ್ರಶ್ನೆಗೆ ನನ್ನ ಉತ್ತರ: ಮಾತಾಡಿ. ಆದರೆ ಮೊದಲ ಮಾತು ಸಭೆಯಲ್ಲಿ ಬೇಡ. ಮೇಲಿನ ಮಹಡಿಗೆ ಹತ್ತಿ ಹೋಗಿ ಅವರ ಬಾಗಿಲು ತಟ್ಟಿ. ಆರು ತಿಂಗಳಾದರೂ ಅವರ ಹೆಸರೇನೆಂದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಗುಟ್ಟಿಗಾಗಿ ಬಿಟ್ಟಿದ್ದರೆ ಸರಿ. ಗೊತ್ತಿಲ್ಲದೆ ಬಿಟ್ಟಿದ್ದರೆ ಅಲ್ಲಿಂದಲೇ ಶುರುಮಾಡಿ. ಲಿಫ್ಟಿನಲ್ಲಿ ನಡೆದದ್ದು ತಪ್ಪು, ನಾನು ನಕ್ಕದ್ದು ತಪ್ಪು ಎಂದು ಹೇಳಿ. ಮುರುಕು ಇಂಗ್ಲಿಷಾದರೂ ಪರವಾಗಿಲ್ಲ. ಅಲ್ಲಿ ಅಳಬೇಡಿ, ನಿಮ್ಮನ್ನು ಸಮಾಧಾನ ಮಾಡುವ ಹೊರೆ ಆ ಮಕ್ಕಳ ಮೇಲೆ ಬೀಳಬಾರದು. 'ಪರವಾಗಿಲ್ಲ ಆಂಟಿ' ಎಂದು ಅವರು ಹೇಳಲೇಬೇಕು ಎಂದು ಕಾಯಲೂಬೇಡಿ. ಆಮೇಲೆ ಠರಾವಿನ ವಿಷಯ ತಿಳಿಸಿ, ಅವರಿಗೇನು ಬೇಕು ಎಂದು ಕೇಳಿ. ಪರದೇಶದಲ್ಲಿ ವೀಸಾದ ಮೇಲಿರುವ ವಿದ್ಯಾರ್ಥಿಗಳು. ದೊಡ್ಡ ಗಲಾಟೆಯಾದರೆ ಅದರ ಬಿಸಿ ತಟ್ಟುವುದು ಮೊದಲು ಅವರಿಗೆ. ಸಭೆಗೆ ತಾವೇ ಬಂದು ಮಾತಾಡುತ್ತೇವೆ ಎನ್ನಬಹುದು, ತಮ್ಮ ಹೆಸರೆತ್ತದೆ ಮಾತಾಡಿ ಎನ್ನಬಹುದು. ಅವರ ಪರವಾಗಿ ಎದ್ದು ನಿಲ್ಲುವ ಮುಂಚೆ ಅವರನ್ನು ಕೇಳುವುದು ನ್ಯಾಯ.

ಇನ್ನು ನಿಮ್ಮ ಭಯದ ಮಾತು. 'ಕಾರ್ಯದರ್ಶಿ ನನ್ನ ಭಾವನೇ, ಹೇಗೆ ಎದುರಾಡಲಿ' ಎಂಬುದು ನಿಮ್ಮ ಸಂಕಟ. ನಾನು ಅದನ್ನೇ ತಿರುಗಿಸಿ ನೋಡುತ್ತೇನೆ. ಒಂದು ಘಟನೆ ಹೇಳುತ್ತೇನೆ.

1897ರ ಜನವರಿ 13. ದಕ್ಷಿಣ ಆಫ್ರಿಕಾದ ಡರ್ಬನ್. ಹಡಗಿನಿಂದಿಳಿದು ನಡೆದು ಹೋಗುತ್ತಿದ್ದ 27ರ ಹರೆಯದ ಗಾಂಧಿಯವರನ್ನು ಬಿಳಿಯರ ಗುಂಪು ಮುತ್ತಿಕೊಂಡಿತು. ಕಲ್ಲು, ಇಟ್ಟಿಗೆ ಚೂರು, ಕೊಳೆತ ಮೊಟ್ಟೆ. ಯಾರೋ ಪೇಟ ಕಿತ್ತೆಸೆದರು. ಒದೆತ ತಿಂದು ತಲೆಸುತ್ತಿ ಬಂದು, ಒಂದು ಮನೆಯ ಮುಂದಿನ ಕಟಕಟೆ ಹಿಡಿದು ನಿಂತರು. ಅಷ್ಟರಲ್ಲಿ ಆ ದಾರಿಯಲ್ಲಿ ಒಬ್ಬ ಬಿಳಿಯ ಹೆಂಗಸು ಬಂದರು. ಊರಿನ ಪೊಲೀಸ್ ಸೂಪರಿಂಟೆಂಡೆಂಟ್ ಅಲೆಕ್ಸಾಂಡರ್ ಅವರ ಹೆಂಡತಿ, ಗಾಂಧಿಯವರ ಪರಿಚಯವಿದ್ದವರು. ಆಗ ಬಿಸಿಲಿರಲಿಲ್ಲ. ಆದರೂ ಆಕೆ ಕೈಲಿದ್ದ ಕೊಡೆ ಬಿಚ್ಚಿ ಗುಂಪಿಗೂ ಗಾಂಧಿಯವರಿಗೂ ನಡುವೆ ನಿಂತರು. ಆಕೆಗೆ ತಾಗದಂತೆ ಗಾಂಧಿಯವರಿಗೆ ಹೊಡೆಯುವುದು ಗುಂಪಿಗೆ ಕಷ್ಟವಾಯಿತು ಎಂದು ಗಾಂಧಿಯವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಒಂದು ಬಿಸಿಲುಗೊಡೆ ಕಲ್ಲನ್ನೇನು ತಡೆದೀತು? ಕಲ್ಲೆತ್ತಿದ ಕೈ ನಿಂತದ್ದು, ಕೊಡೆಯ ಕೆಳಗಿದ್ದಾಕೆ ತಮ್ಮವಳು ಎಂಬ ಕಾರಣಕ್ಕೆ. ದಾರಿಯಲ್ಲಿ ಹೋಗುತ್ತಿದ್ದ ಇನ್ನೊಬ್ಬ ಭಾರತೀಯ ಅಡ್ಡ ಬಂದಿದ್ದರೆ ಅವನಿಗೂ ಏಟು ಬೀಳುತ್ತಿತ್ತು. ಆ ಹುಡುಗಿಯರು ಸಭೆಯಲ್ಲಿ ಹತ್ತು ಮಾತಾಡಿದರೂ ಅದು 'ಅವರ' ಮಾತಾಗುತ್ತದೆ. ಕಾರ್ಯದರ್ಶಿಯ ತಮ್ಮನ ಹೆಂಡತಿ ಒಂದು ಮಾತಾಡಿದರೆ ಅದು ಮನೆಯೊಳಗಿನ ಮಾತು. ಯಾವ ಸಂಬಂಧ ನಿಮ್ಮ ಬಾಯಿ ಕಟ್ಟುತ್ತಿದೆ ಎಂದುಕೊಂಡಿದ್ದೀರೋ ಅದೇ ನಿಮ್ಮ ಕೈಲಿರುವ ಕೊಡೆ.

'ನನ್ನನ್ನೂ ಕರಿ ಎಂದು ಹಂಗಿಸುತ್ತಿದ್ದರು, ಆದರೂ ನಕ್ಕೆ' ಎಂದು ನೊಂದುಕೊಂಡಿದ್ದೀರಿ. ಅವಮಾನ ಉಂಡವರೆಲ್ಲ ತಾವಾಗಿಯೇ ಮೃದುವಾಗುವುದಿಲ್ಲ. ಡರ್ಬನ್ನಿನಲ್ಲಿ ಏಟು ತಿಂದ ಗಾಂಧಿಯವರೇ ಆ ವರ್ಷಗಳಲ್ಲಿ ಅಲ್ಲಿನ ಕಪ್ಪು ಜನರ ಬಗ್ಗೆ ಕೀಳಾಗಿ ಬರೆದದ್ದುಂಟು. ಬರಬರುತ್ತಾ ಅವರ ದೃಷ್ಟಿ ಬದಲಾಯಿತು. ನಮಗೆ ಚುಚ್ಚಿದ ಮುಳ್ಳನ್ನು ನಾವೇ ಕಿತ್ತು ಇನ್ನೊಬ್ಬರ ಕಾಲಡಿ ಹಾಕುವುದು ಬಹಳ ಸುಲಭ, ಅದೂ ಸುತ್ತ ಇರುವವರೆಲ್ಲ ನಗುತ್ತಿರುವಾಗ.

ಆ ನಗುವಿಗೆ ಇನ್ನೂ ಒಂದು ಕಾರಣವಿದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಒಂದು ಪ್ರಯೋಗ ಮಾಡಿದರು. ಕೆಲವು ಗೆರೆಗಳನ್ನು ತೋರಿಸಿ ಯಾವುದು ಯಾವುದಕ್ಕೆ ಸಮ ಎಂದು ಕೇಳುವುದು. ಕಣ್ಣಿದ್ದವರಿಗೆಲ್ಲ ಗೊತ್ತಾಗುವಂಥ ಉತ್ತರ. ಕೂತವರಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬೇಕೆಂದೇ ತಪ್ಪು ಹೇಳುತ್ತಿದ್ದರು. ಆ ಒಬ್ಬ ಸುಮಾರು ಮೂರು ಸಲಕ್ಕೊಮ್ಮೆ ಅವರ ತಪ್ಪಿಗೇ ದನಿಗೂಡಿಸಿದ. ಬರೀ ಗೆರೆಯ ವಿಷಯಕ್ಕೇ ಹೀಗಾದರೆ, ಪಕ್ಕದ ಮನೆಯವರು ಕಣ್ಣಲ್ಲಿ ಕಣ್ಣಿಟ್ಟು ನಗುವಾಗ ನಿಮ್ಮ ತುಟಿ ಅರಳಿದ್ದು ನನಗೆ ಆಶ್ಚರ್ಯವಲ್ಲ. ಆದರೆ ಅದೇ ಪ್ರಯೋಗದಲ್ಲಿ, ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೆ ಸಾಕು, ಆ ಹೊಂದಾಣಿಕೆ ತಟ್ಟನೆ ಕುಸಿಯುತ್ತಿತ್ತು. ಒಬ್ಬರು ಸಾಕು.

ನಿಮಗೆ ಆ ಒಬ್ಬರು ಮೂರನೇ ಮಹಡಿಯಲ್ಲೇ ಇದ್ದಾರೆ. ಗುಂಪಿನಲ್ಲಿ ಒಂದು ಮಾತೂ ಹಾಕದ ಮೇಷ್ಟ್ರು. ಅವರ ಮೌನದ ಅರ್ಥ ನಿಮ್ಮ ಮೌನದ ಅರ್ಥವೇ ಇರಬಹುದು. ಅವರೂ ಇಡೀ ಸಮುಚ್ಚಯದಲ್ಲಿ ತಾನೊಬ್ಬನೇ ಎಂದುಕೊಂಡು ಕೂತಿರಬಹುದು. ಹೋಗಿ ಕೇಳಿ. 'ಸರ್, ಭಾನುವಾರ ನಾನು ಈ ಠರಾವಿಗೆ ಒಪ್ಪಿಗೆಯಿಲ್ಲ ಅನ್ನುತ್ತೇನೆ, ಆಮೇಲೆ ನೀವೊಂದು ಮಾತು ಹೇಳುತ್ತೀರಾ?' ಇಷ್ಟೇ. ಅವರು ಆಗಲ್ಲಮ್ಮ ಎಂದರೂ ನಿಮಗೇನೂ ನಷ್ಟವಿಲ್ಲ.

ಭಾವನ ಹತ್ತಿರ ಸಭೆಗೆ ಮುಂಚೆಯೇ ಮಾತಾಡಿ. ನಾಲ್ಕು ಜನರೆದುರು ಏಕಾಏಕಿ ಎದ್ದರೆ ಅದು ಅವರ ಮರ್ಯಾದೆಯ ಪ್ರಶ್ನೆಯಾಗುತ್ತದೆ, ಆ ಹುಡುಗಿಯರ ಪ್ರಶ್ನೆ ಮೂಲೆಗೆ ಹೋಗುತ್ತದೆ. 'ಭಾವ, ನಿಮ್ಮ ಮೇಲೆ ನನಗಿರುವ ಗೌರವ ನಿಮಗೆ ಗೊತ್ತು. ಈ ಠರಾವು ತಪ್ಪು ಅಂತ ನನಗನಿಸುತ್ತೆ. ಸಭೆಯಲ್ಲೂ ಹಾಗೇ ಹೇಳ್ತೀನಿ. ನಿಮಗೆ ಬೇರೆಯವರಿಂದ ತಿಳಿಯೋದು ಬೇಡ ಅಂತ ಮೊದಲೇ ಹೇಳ್ತಿದ್ದೀನಿ.' ಅವರನ್ನು ಕೆಟ್ಟವರು ಎನ್ನಬೇಡಿ. ಕೆಟ್ಟವನಲ್ಲ ಎಂದು ಸಾಬೀತು ಮಾಡುವುದರಲ್ಲೇ ಅವರ ಸಂಜೆ ಕಳೆಯುತ್ತದೆ. ಅವರು ರೇಗಿದರೆ ರೇಗಲಿ. ಉತ್ತರಕ್ಕೆ ಉತ್ತರ ಕೊಡದೆ ಎದ್ದು ಬನ್ನಿ. ಗಂಡನಿಗೆ ವಾದ ಬೇಡ, 'ನೀವು ಮಾತಾಡಬೇಡಿ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿರಿ ಸಾಕು' ಎನ್ನಿ.

ಸಭೆಯಲ್ಲಿ ಭಾಷಣ ಬೇಡ. ವರ್ಣಭೇದ, ಮಾನವೀಯತೆ ಎಂದು ದೊಡ್ಡ ಪದ ಹಿಡಿದರೆ 'ಇವರೊಬ್ಬರೇ ಒಳ್ಳೆಯವರು' ಎಂಬ ಗೊಣಗು ಶುರುವಾಗುತ್ತದೆ. ಪ್ರಶ್ನೆ ಕೇಳಿ. ದೂರು ಕೊಟ್ಟವರು ಯಾರು? ಯಾವ ದಿನ, ಏನನ್ನು ಕಣ್ಣಾರೆ ಕಂಡರು? ಬರೆದುಕೊಟ್ಟಿದ್ದಾರಾ? ಇದೇ ದೂರು ಬೇರೆ ಬಾಡಿಗೆದಾರರ ಮೇಲೆ ಬಂದಿದ್ದರೆ ಖಾಲಿ ಮಾಡಿಸುತ್ತಿದ್ದೆವಾ? ಮನೆ ಮಾಲೀಕರಿಗೂ ಬಾಡಿಗೆದಾರರಿಗೂ ಕರಾರಿರುವಾಗ ಸಂಘಕ್ಕೆ ಈ ಅಧಿಕಾರ ಬೈಲಾದ ಯಾವ ನಿಯಮದಿಂದ ಬಂತು? 'ಅಂತೆ'ಗಳ ಮೇಲೆ ನಿಂತ ಮಾತು 'ಯಾವ ದಿನ?' ಎಂಬ ಪ್ರಶ್ನೆಯನ್ನು ತಡೆದುಕೊಳ್ಳುವುದು ಕಷ್ಟ. ಆದರೂ ಠರಾವು ಪಾಸಾದರೆ, ಒಂದೇ ಒಂದು ಮಾತು: 'ನನ್ನ ಅಸಮ್ಮತಿಯನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.' ಬರೆಯುವವರೆಗೂ ಕೂತುಕೊಳ್ಳಬೇಡಿ. ಮುಂದೆ ಯಾರಾದರೂ ಪ್ರಶ್ನೆ ಮಾಡಿದರೆ ಆ ಸಾಲು ಕೆಲಸಕ್ಕೆ ಬರುತ್ತದೆ. ಗುಂಪಿನ ಸಂದೇಶಗಳನ್ನೂ ಅಳಿಸದೆ ಇಟ್ಟುಕೊಳ್ಳಿ. ದನಿ ನಡುಗುತ್ತದೆ ಎಂಬ ಭಯವಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿ.

ಏನೂ ಆಗುವುದಿಲ್ಲ ಎಂದು ನಿಮಗೆ ಸುಳ್ಳು ಧೈರ್ಯ ಹೇಳಲಾರೆ. 1957ರ ಸೆಪ್ಟೆಂಬರ್ 4ರಂದು ಅಮೆರಿಕದ ಲಿಟ್ಲ್ ರಾಕ್‌ನಲ್ಲಿ, ಬಿಳಿಯರ ಶಾಲೆಗೆ ಸೇರಲು ಒಬ್ಬಳೇ ಬಂದಿದ್ದ 15 ವರ್ಷದ ಕಪ್ಪು ಹುಡುಗಿ ಎಲಿಜಬೆತ್ ಎಕ್‌ಫರ್ಡ್‌ಳನ್ನು ಸೈನಿಕರು ಒಳಗೆ ಬಿಡಲಿಲ್ಲ. ಜನ ಕೂಗಾಡುತ್ತಾ ಬೆನ್ನಟ್ಟಿದರು. ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಿದ್ದ ಅವಳ ಬಳಿಗೆ ಬಂದು, ಗುಂಪನ್ನು ಗದರಿಸಿ, ಅವಳ ಜೊತೆ ಬಸ್ಸು ಹತ್ತಿದ್ದು ಗ್ರೇಸ್ ಲಾರ್ಚ್ ಎಂಬ ಬಿಳಿಯ ಹೆಂಗಸು. ಆಮೇಲೆ ಅವರನ್ನು ಸೆನೆಟ್ಟಿನ ಉಪಸಮಿತಿಯೊಂದು ವಿಚಾರಣೆಗೆ ಕರೆಯಿತು. ಎರಡು ವರ್ಷದೊಳಗೆ ಆ ಕುಟುಂಬ ದೇಶ ಬಿಟ್ಟು ಕೆನಡಾ ಸೇರಿತು. ನಿಮಗೆ ಅಷ್ಟಾಗದಿರಬಹುದು. ಆದರೆ ಹಬ್ಬಹರಿದಿನಕ್ಕೆ ಕರೆ ಬರದೇ ಹೋಗಬಹುದು, ನೀವು ಹತ್ತಿದ ಲಿಫ್ಟಿನಲ್ಲಿ ಮಾತು ನಿಲ್ಲಬಹುದು, ಅತ್ತಿಗೆ ಕೆಲವು ತಿಂಗಳು ಫೋನ್ ಎತ್ತದಿರಬಹುದು. ಆ ಕೆಲವು ತಿಂಗಳು ನಿಮಗೆ ನಿಜಕ್ಕೂ ನೋವಾಗುತ್ತದೆ. ಆ ಹುಡುಗಿಯರು ಆರು ತಿಂಗಳಿಂದ ಅದೇ ಲಿಫ್ಟಿನಲ್ಲಿ ಓಡಾಡುತ್ತಿದ್ದಾರೆ.

ಪಕ್ಕದ ಮನೆಯ ಮಗುವಿನ ಮೇಲೆ ಕೋಪ ಬೇಡ. ಅದು ಕೇಳಿದ್ದು ನಿಜವಾದ ಪ್ರಶ್ನೆ, ದೊಡ್ಡವರು ಉತ್ತರದ ಬದಲು ನಗು ಕೊಟ್ಟರು. ಮುಂದೆ ಸಿಕ್ಕಾಗ ಅದರ ಎತ್ತರಕ್ಕೆ ಬಗ್ಗಿ, 'ಇಲ್ಲ ಪುಟ್ಟ, ಬಣ್ಣ ಅಂಟಲ್ಲ. ಎಲ್ಲರ ಚರ್ಮದಲ್ಲೂ ಬಣ್ಣ ಮಾಡೋ ಪುಟ್ಟಪುಟ್ಟ ಕಣ ಇರುತ್ವೆ, ಕೆಲವರಲ್ಲಿ ಜಾಸ್ತಿ ಬಣ್ಣ ಮಾಡ್ತವೆ, ಕೆಲವರಲ್ಲಿ ಕಡಿಮೆ' ಎನ್ನಿ. ಅವರಮ್ಮನ ಕಿವಿಗೂ ಬೀಳಲಿ.

ಕೊನೆಗೆ ನಿಮ್ಮ ಮಗಳು. 'ನೀನ್ಯಾಕಮ್ಮಾ ನಕ್ಕೆ' ಎಂದಾಗ ನೀವೇನು ಹೇಳಿದಿರಿ ಎಂದು ಬರೆದಿಲ್ಲ. ಇನ್ನೂ ಹೇಳಿಲ್ಲವಾದರೆ ಇವತ್ತೇ ಹೇಳಿ: 'ಹೆದರಿಕೆಯಾಯ್ತು ಕಣೆ, ಅದಕ್ಕೆ ನಕ್ಕೆ.' ಬೇರೆ ಸಮಜಾಯಿಷಿ ಬೇಡ. ಮೇಲಿನ ಮಹಡಿಗೆ ಹೊರಟಾಗ ನಾನೂ ಬರುತ್ತೇನೆ ಎಂದರೆ ಕರೆದುಕೊಂಡು ಹೋಗಿ. ಲಿಫ್ಟಿನಲ್ಲಿ ಅವಳೂ ಇದ್ದಳಲ್ಲ.