ಫಾರಂನಲ್ಲಿ ‘ಬಿಸಿನೆಸ್’ ಅಂತ ಬರೆಸಿದ ಅಪ್ಪನಿಗೆ

ಯಾದಗಿರಿ ಕಡೆಯ ತಮ್ಮಾ,

ನಿಮ್ಮ ಪತ್ರ ಓದಿ ಮಡಚಿಟ್ಟು ಅಡುಗೆಮನೆಗೆ ಹೋದೆ. ಒಗ್ಗರಣೆ ಸೀದುಹೋಯಿತು. ಅಷ್ಟು ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ.

ಉಳಿದ ಓದುಗರಿಗೆ ವಿಷಯ ಇಷ್ಟು. ಇವರು 11 ವರ್ಷದಿಂದ ಬೆಂಗಳೂರಿನಲ್ಲಿ ಕಂಬಿ ಕಟ್ಟುವ ಕೆಲಸ ಮಾಡುತ್ತಿದ್ದಾರೆ. ಅದರಲ್ಲಿ ಐದು ವರ್ಷ ನಮ್ಮ ಮೆಟ್ರೋದ ಹಳದಿ ಮಾರ್ಗದಲ್ಲಿ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ತನಕ ಕೆಳಗೆ ರಸ್ತೆ, ಅದರ ಮೇಲೆ ಫ್ಲೈಓವರ್, ಅದಕ್ಕೂ ಮೇಲೆ ರೈಲು ಇದೆಯಲ್ಲ, ಅಲ್ಲಿ. 2025ರ ಆಗಸ್ಟ್ 10ರಂದು ಪ್ರಧಾನಿ ಬಂದು ಆ ಮಾರ್ಗ ಉದ್ಘಾಟಿಸಿದ್ದನ್ನು ಇವರು ಬಾಡಿಗೆ ಮನೆಯಲ್ಲಿ ಕೂತು ಮೊಬೈಲಲ್ಲಿ ನೋಡಿದರು. ಖುಷಿಯಾಯಿತಂತೆ. ಸ್ವಲ್ಪ ದಿನಕ್ಕೆ ನಾದಿನಿ ಮನೆ ಗೃಹಪ್ರವೇಶ ಬಂತು. ಆ ಖುಷಿ ಅಲ್ಲಿ ಹೇಳಿಕೊಳ್ಳೋಣ ಅಂತ ಬಾಯಿ ತೆರೆದರೆ, ಕುತ್ತಿಗೆಗೆ ಆಫೀಸಿನ ಟ್ಯಾಗ್ ನೇತುಹಾಕಿಕೊಂಡೇ ಬಂದಿದ್ದ ಷಡ್ಡಕ ಪಂಕ್ತಿಯ ಮಧ್ಯೆ ಅಂದನಂತೆ: “ಇವರಾ? ಬೆಂಗಳೂರಲ್ಲಿ ಕಂಬಿ ಎಣಿಸ್ತಾರೆ!” ಎಲ್ಲರೂ ನಕ್ಕರು. ಈಗ ಇವರಿಗೆ ಈ ಕೆಲಸ ಬಿಟ್ಟು ಊಟ ಡೆಲಿವರಿಗೆ ಹೋಗುವ ಯೋಚನೆ. “ಅಲ್ಲಿ ಟೀ-ಶರ್ಟಾದರೂ ಹೊಸದು ಕೊಡ್ತಾರ ಅಕ್ಕಾರ” ಅಂತ ಬರೆದಿದ್ದಾರೆ.

ಷಡ್ಡಕನ ಮಾತು ಮೊದಲು ಮುಗಿಸಿಬಿಡೋಣ. ಗೃಹಪ್ರವೇಶಕ್ಕೆ ಟ್ಯಾಗ್ ಹಾಕಿಕೊಂಡು ಹೋಗುವವನ ಬಗ್ಗೆ ನನಗೆ ಕನಿಕರ ಇದೆ, ಗೌರವ ಇಲ್ಲ. ಅವನಿಗೆ ಒಂದು ಮಾತು ಹೇಳಬಹುದಿತ್ತು. ವಿಧಾನಸೌಧ ಕಟ್ಟುವಾಗ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಜೈಲಿನ ಕೈದಿಗಳೂ ಕೆಲಸ ಮಾಡಿದ್ದರು. ನಿಜವಾಗಿಯೂ ಕಂಬಿ ಎಣಿಸುತ್ತಿದ್ದವರು. ಅವರ ಕೈ ತಾಗಿದ ಕಟ್ಟಡದ ಮೇಲೇ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಇರುವುದು. ಅದರ ಮುಂದೆ ನಿಂತು ಈ ಷಡ್ಡಕನೂ ಫೋಟೊ ತೆಗೆಸಿಕೊಂಡಿರುತ್ತಾನೆ, ಬೇಕಾದರೆ ಕೇಳಿ ನೋಡಿ. ಆದರೆ ಇದೇ ಅಂಕಣದಲ್ಲಿ ಎಷ್ಟು ಸಲ ಹೇಳಿಲ್ಲ ನಾನು? ನೆಂಟರ ಪಂಕ್ತಿಯಲ್ಲಿ ಮರ್ಯಾದೆ ಹುಡುಕಬೇಡಿ. ಅಲ್ಲಿ ಸಿಗುವುದು ಹೋಳಿಗೆ. ತಿಂದು ಎದ್ದುಬನ್ನಿ.

ನಿಮ್ಮ ಕೆಲಸದ ಕಷ್ಟ ಏನು ಅಂದರೆ, ಅದು ಮುಗಿದ ದಿನವೇ ಕಾಣೆಯಾಗುತ್ತದೆ. ಗಾರೆಯವನು ಗೋಡೆ ತೋರಿಸಬಹುದು, ಬಣ್ಣದವನು ಬಣ್ಣ ತೋರಿಸಬಹುದು. ನೀವು ಬಿಸಿಲಲ್ಲಿ ಬಗ್ಗಿ, ರಿಂಗ್ ಕೂರಿಸಿ, ಒಂದೊಂದು ಕೂಡಿಗೂ ಹುಕ್ಕಿನಲ್ಲಿ ಬೈಂಡಿಂಗ್ ವೈರ್ ತಿರುವಿ ಪಂಜರ ಕಟ್ಟುತ್ತೀರಿ. ಆಮೇಲೆ ಕಾಂಕ್ರೀಟ್ ಸುರಿಯುತ್ತಾರೆ. ಅಲ್ಲಿಗೆ ನೀವು ಒಳಗೆ. ಇನ್ನು ಅದು ಯಾರ ಕಣ್ಣಿಗಾದರೂ ಬಿತ್ತು ಅಂದರೆ ಕಂಬಕ್ಕೆ ಏನೋ ಕೆಟ್ಟದ್ದಾಗಿದೆ ಅಂತಲೇ ಅರ್ಥ. ಗುಲಾಬಿ ಮಾರ್ಗದ ಸುರಂಗ ಕೊರೆದ ಯಂತ್ರಗಳಿಗೆ ಊರ್ಜಾ, ವಿಂಧ್ಯ, ತುಂಗಾ, ಭದ್ರಾ ಅಂತ ಹೆಸರಿಟ್ಟಿದ್ದರು. ಆ ಹೆಸರುಗಳು ನನಗೆ ಬಾಯಿಪಾಠ. ಒಳಗೆ ದುಡಿದ ಒಬ್ಬರ ಹೆಸರೂ ಗೊತ್ತಿಲ್ಲ. ಈ ತಪ್ಪಿನಲ್ಲಿ ನನ್ನದೂ ಪಾಲಿದೆ.

ಈಗ ಒಗ್ಗರಣೆ ಸೀದದ್ದು ಯಾಕೆ ಅಂತ ಕೇಳಿ. ಪತ್ರದ ಎರಡನೇ ಪುಟದಲ್ಲಿ, ಬಾಡಿಗೆ, ಅಕ್ಕಿ ರೇಟಿನ ನಡುವೆ ಒಂದು ಸಾಲು ತುರುಕಿದ್ದೀರಿ: “ಎಂಟನೇ ಕ್ಲಾಸಿನ ಮಗಳ ಸ್ಕೂಲ್ ಫಾರಂನಾಗ ತಂದೆಯ ಉದ್ಯೋಗ ಬಿಸಿನೆಸ್ ಅಂತ ಬರೆಸೀನಿ, ಅದು ಬಿಡ್ರಿ.”

ಬಿಡಲ್ಲ. ಆ ಫಾರಂ ತುಂಬಿದ್ದು ಯಾರು, ಮಗಳೇ ಅಲ್ವಾ? ಅಪ್ಪ ಏನು ಕೆಲಸ ಮಾಡುತ್ತಾನೆ ಅಂತ ಅವಳಿಗೆ ಗೊತ್ತು. ನಿಮ್ಮ ಅಂಗೈ ನೋಡಿಯೇ ಬೆಳೆದವಳು. ಅವಳ ಕೈಯಲ್ಲೇ ಸುಳ್ಳು ಬರೆಸಿದಿರಿ. ಷಡ್ಡಕ ಒಂದು ಸಲ ನಕ್ಕ, ಊಟ ಮಾಡಿ ಮನೆಗೆ ಹೋದ. ನೀವು ನಿಮ್ಮ ಕೆಲಸಕ್ಕೆ ಹೊದಿಸಿದ ಮುಸುಕು ಆ ಮಗುವಿನ ಜೊತೆ ದಿನಾ ಶಾಲೆಗೆ ಹೋಗುತ್ತಿದೆ. ತಪ್ಪು ತಿಳಿಯಬೇಡಿ, ನನ್ನ ಮರುಕ ನಿಮಗಿಂತ ಅವಳ ಮೇಲೇ ಜಾಸ್ತಿ.

ಈ ನಾಚಿಕೆಗೆ ದುಡ್ಡಿನ ಲೆಕ್ಕವೂ ಇದೆ. “ಲೇಬರ್ ಕಾರ್ಡ್ ಮಾಡಿಸಿಲ್ಲ, ಯಾಕ ಬೇಕು ಆ ಹಣೆಪಟ್ಟಿ” ಅಂತ ಬೇರೆ ಬರೆದಿದ್ದೀರಿ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು, ವಯಸ್ಸು 18ರಿಂದ 60ರ ಒಳಗಿದ್ದರೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಮಕ್ಕಳ ಓದಿಗೆ ಸಹಾಯಧನದ ಯೋಜನೆ ಅಲ್ಲಿದೆ. ಅದು ದಾನ ಅಂದುಕೊಳ್ಳಬೇಡಿ. ಕಟ್ಟಿಸುವವರಿಂದ ಕಾಮಗಾರಿ ವೆಚ್ಚದ ಶೇ 1ರಷ್ಟು ಸೆಸ್ ವಸೂಲಿ ಮಾಡಿ ಆ ನಿಧಿ ತುಂಬುತ್ತಾರೆ. ನೀವು ಕಟ್ಟಿದ ಕಂಬಗಳ ಲೆಕ್ಕದಲ್ಲೇ ಬರುವ ದುಡ್ಡು. ಹಣೆಪಟ್ಟಿ ಬೇಡ ಅಂತ ಮಗಳ ಪಾಲನ್ನು ಬಿಟ್ಟುಕೊಟ್ಟು ಕೂತಿದ್ದೀರಿ.

ಡೆಲಿವರಿಗೆ ಹೋಗುವುದು ಬಿಡುವುದು ನಿಮ್ಮಿಷ್ಟ. ಮಳೆಯಲ್ಲಿ ಗಾಡಿ ಓಡಿಸುವವರನ್ನೂ ಲಿಫ್ಟ್ ಹತ್ತಬೇಡ ಅನ್ನುವ ಜನ ಇದ್ದಾರೆ, ಅಷ್ಟು ನೆನಪಿರಲಿ. ಕಾರ್ಡಿಗೆ 90 ದಿನದ ಕೆಲಸದ ಸರ್ಟಿಫಿಕೇಟ್ ಬೇಕು, ಅದಕ್ಕೆ ಮೇಸ್ತ್ರಿ ಹಿಂದೆ ಸ್ವಲ್ಪ ಓಡಾಡಬೇಕಾಗುತ್ತದೆ. ಅದೆಲ್ಲ ಆಮೇಲೆ.

ಸೋಮವಾರ ಅರ್ಧ ದಿನ ರಜೆ ಹಾಕಿ. ಮಗಳ ಜೊತೆ ಶಾಲೆಗೆ ಹೋಗಿ, ಕ್ಲಾಸ್ ಟೀಚರ್ ಹತ್ತಿರ ಆ ಫಾರಂ ತೆಗೆಸಿ. ‘ಬಿಸಿನೆಸ್’ ಹೊಡೆದುಹಾಕಿಸಿ. ಪಕ್ಕದಲ್ಲಿ ‘ಕಂಬಿ ಕೆಲಸ, ಮೆಟ್ರೋ’ ಅಂತ ಅವಳ ಕೈಯಲ್ಲೇ ಬರೆಸಿ. ಪೆನ್ಸಿಲ್ ಬೇಡ, ಪೆನ್ನಲ್ಲಿ.

ಷಡ್ಡಕನ ವಿಚಾರ ಮುಂದಿನ ಪತ್ರದಲ್ಲಿ ನೋಡೋಣ.